ರದ್ದಾದ ಆಟಗಳ ಲೆಕ್ಕ ಯಾರ ಹತ್ರ ಇದೆ?

ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ಅನ್ನು ಭಾರತದ ಮೊದಲ ಗೇಮ್ ಸ್ಟುಡಿಯೋ ಅಂತಲೇ ಕರೆಯುತ್ತಾರೆ. ಶುರುವಿನ ವರ್ಷಗಳಲ್ಲಿ ಅದಕ್ಕೆ ಸಿಕ್ಕ ದೊಡ್ಡ ಕೆಲಸ ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿಯದು: ‘ಮಿಷನ್ ಇಂಪಾಸಿಬಲ್’ ಆಟದ ಪಿಸಿ ಆವೃತ್ತಿ. ಆ ಆಟ 1998ರಲ್ಲಿ ನಿಂಟೆಂಡೋ 64ಕ್ಕೆ ಬಂತು, ಮರುವರ್ಷ ಪ್ಲೇಸ್ಟೇಷನ್‌ಗೂ ಬಂತು. ಪಿಸಿಗೆ ಮಾತ್ರ ಬರಲೇ ಇಲ್ಲ.

ಹಾಗಾದ್ರೆ ಬೆಂಗಳೂರಿನ ಹುಡುಗರು ಬರೆದ ಕೋಡ್ ಈಗ ಯಾರದು? ಇನ್ಫೋಗ್ರಾಮ್ಸ್ ಮುಂದೆ ಅಟಾರಿ ಅಂತ ಹೆಸರು ಬದಲಿಸಿಕೊಂಡಿತು. ಧ್ರುವ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಪಾಲಾಗಿ, 2019ರ ಮೇನಲ್ಲಿ 79 ಲಕ್ಷ ಡಾಲರ್‌ಗೆ ರಾಕ್‌ಸ್ಟಾರ್‌ನ ಕೈ ಸೇರಿತು. ಕಂಪನಿ ಮಾರಾಟವಾದಾಗ ಕಟ್ಟಡ, ಕಂಪ್ಯೂಟರ್, ಉದ್ಯೋಗಿಗಳು ಎಲ್ಲ ಲೆಕ್ಕಕ್ಕೆ ಬರ್ತಾರೆ. ಇಪ್ಪತ್ತು ವರ್ಷ ಹಿಂದೆ ರದ್ದಾದ ಆಟಕ್ಕೆ ಯಾರೂ ಬೆಲೆ ಕಟ್ಟಲ್ಲ. ಬೆಲೆ ಇಲ್ಲದ್ದನ್ನು ಯಾರೂ ಕಾಯಲ್ಲ.

ಹೊರದೇಶಗಳಲ್ಲಿ ಇಂಥ ಆಟಗಳನ್ನು ಹುಡುಕಿ ತೆಗೆಯೋದೇ ಒಂದು ಹುಚ್ಚು. ಹಳೇ ಉದ್ಯೋಗಿಯ ಮನೆಯಲ್ಲಿ ಬಿದ್ದಿರುವ ಡಿಸ್ಕ್, ಪತ್ರಕರ್ತರಿಗೆ ಕಳಿಸಿದ ಡೆಮೊ, ಪರೀಕ್ಷೆಗೆಂದು ಮಾಡಿದ ಕಾರ್ಟ್ರಿಜ್, ಏನು ಸಿಕ್ಕರೂ ಕಾಪಿ ಮಾಡಿ ಇಡ್ತಾರೆ. ನಿಂಟೆಂಡೋದ ‘ಸ್ಟಾರ್ ಫಾಕ್ಸ್ 2’ 1995ರ ಹೊತ್ತಿಗೆ ಹೆಚ್ಚುಕಡಿಮೆ ಮುಗಿದಿದ್ದರೂ ರದ್ದಾಯಿತು. ಅದರ ಅರೆಬರೆ ಪ್ರತಿಗಳು ಅಭಿಮಾನಿಗಳ ಕೈಯಲ್ಲಿ ವರ್ಷಗಟ್ಟಲೆ ಓಡಾಡಿದವು. ಕೊನೆಗೆ 2017ರಲ್ಲಿ ಕಂಪನಿಯೇ ಬಿಡುಗಡೆ ಮಾಡಿತು. ಬಿಡುಗಡೆಯಾದ ಆಟಗಳ ಗತಿಯೂ ಅಷ್ಟಕ್ಕಷ್ಟೆ. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ 87% ಈಗ ದುಡ್ಡು ಕೊಟ್ಟರೂ ಸಿಗಲ್ಲ ಅಂತ ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು.

ನಮ್ಮಲ್ಲಿ ಇದು ಹುಚ್ಚಿನ ಪ್ರಶ್ನೆ ಅಲ್ಲ, ದುಡಿಮೆಯ ಪ್ರಶ್ನೆ. ಬೆಂಗಳೂರಿನ ಗೇಮ್ ಉದ್ಯಮದ ದೊಡ್ಡ ಪಾಲು ಹೊರಗುತ್ತಿಗೆ. ಕುಷ್ಟಗಿ ತಾಲೂಕಿನ ನನ್ನ ಗೆಳೆಯನೊಬ್ಬ ಇಂಜಿನಿಯರಿಂಗ್ ಮುಗಿಸಿ ಅಂಥದೇ ಒಂದು ಸ್ಟುಡಿಯೋ ಸೇರಿದ. ಎರಡು ವರ್ಷ ಒಂದು ವಿದೇಶಿ ಆಟಕ್ಕೆ ಬಾಗಿಲು, ಕಿಟಕಿ, ತುಕ್ಕು ಹಿಡಿದ ಲಾರಿ ಮಾಡಿಕೊಟ್ಟ. ಆಟ ರದ್ದಾಯಿತು. ಗೌಪ್ಯತೆಯ ಕರಾರಿಗೆ ಸಹಿ ಹಾಕಿದ್ದರಿಂದ ಆಟದ ಹೆಸರು ಹೇಳೋ ಹಂಗೂ ಇಲ್ಲ, ಮಾಡಿದ ಕೆಲಸ ತೋರಿಸೋ ಹಂಗೂ ಇಲ್ಲ. “ಎರಡ ವರ್ಷ ಎಲ್ಲಿದ್ದಿ ಅಂತ ಕೇಳಿದ್ರ, ಜೇಲಿನ್ಯಾಗ ಇದ್ದೆ ಅಂತ ಹೇಳೋದ ಛಲೋ ನೋಡಲೇ,” ಅಂತಾನೆ.

ಕಾನೂನು ಏನು ಹೇಳುತ್ತೆ ನೋಡಿ. ಪುಸ್ತಕ ಅಚ್ಚಾದರೆ 1954ರ ಕಾಯ್ದೆ ಪ್ರಕಾರ ಪ್ರಕಾಶಕರು ಕೋಲ್ಕತ್ತಾದ ನ್ಯಾಷನಲ್ ಲೈಬ್ರರಿಗೆ ಪ್ರತಿ ಕಳಿಸಬೇಕು. ಸಿನಿಮಾಕ್ಕೆ 1964ರಿಂದ ಪುಣೆಯಲ್ಲಿ ಫಿಲ್ಮ್ ಆರ್ಕೈವ್ ಇದೆ. ಅಷ್ಟರಲ್ಲಿ ನಾವು ಕಳೆದುಕೊಂಡಿದ್ದೂ ಉಂಟು: 1934ರ ‘ಸತಿ ಸುಲೋಚನ’, ಕನ್ನಡದ ಮೊದಲ ಟಾಕಿ, ಅದರ ಪ್ರಿಂಟ್ ಇವತ್ತು ಇಲ್ಲ. ಗೇಮ್‌ಗೆ ಆ 1954ರ ಕಾಯ್ದೆ ಅನ್ವಯಿಸಲ್ಲ. ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52ರಲ್ಲಿ, 2012ರ ತಿದ್ದುಪಡಿಯಲ್ಲಿ, ಸಾರ್ವಜನಿಕ ಗ್ರಂಥಾಲಯಗಳು ಸಂರಕ್ಷಣೆಗಾಗಿ ಕೃತಿಯನ್ನು ಡಿಜಿಟಲ್ ಆಗಿ ಕಾಪಿ ಮಾಡಿಡಬಹುದು ಅಂತ ಸೇರಿಸಿದರು. ಆದರೆ ಒಂದು ಷರತ್ತು: ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದ ಬಳಿ ಮೊದಲೇ ಇರಬೇಕು. ಹುಟ್ಟಿದ್ದೇ ಡಿಜಿಟಲ್ ಆಗಿರುವ ಆಟಕ್ಕೆ ಡಿಜಿಟಲ್ ಅಲ್ಲದ ಪ್ರತಿ ಎಲ್ಲಿಂದ ತರೋದು? ಕಾಗದದ ಕಾಲದ ತಲೆಯಲ್ಲಿ ಬರೆದ ಷರತ್ತು ಇದು.

ಹಿಂಗಾಗಿ ನಮ್ಮಲ್ಲಿ ಆರ್ಕೈವ್ ಕೆಲಸ ಮಾಡಿದ್ದು ಕಳ್ಳ ಕಾಪಿಯವರು. ಸ್ಮಾರ್ಟ್‌ಫೋನ್‌ಗಿಂತ ಮುಂಚೆ ಕುಷ್ಟಗಿಯ ಮೊಬೈಲ್ ಅಂಗಡಿಗಳಲ್ಲಿ 20 ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡಿಗೆ ಹಾಡು, ಪಿಕ್ಚರ್ ಜೊತೆ ಒಂದು ರಾಶಿ ಜಾವಾ ಗೇಮ್ ತುಂಬಿಕೊಡ್ತಿದ್ರು. ಅದರಲ್ಲಿ ಭಾರತದ ಸ್ಟುಡಿಯೋಗಳು ಮೊಬೈಲ್ ಕಂಪನಿಗಳ ಪೋರ್ಟಲ್‌ಗೆಂದೇ ಮಾಡಿದ ಆಟಗಳೂ ಇರ್ತಿದ್ವು. ಆ ಪೋರ್ಟಲ್‌ಗಳು ಮುಚ್ಚಿದವು, ಅಧಿಕೃತ ಪ್ರತಿಗಳು ಹೋದವು. ಯಾರದ್ದೋ ಮನೆಯ ಡಬ್ಬಿಯಲ್ಲಿ ಬ್ಯಾಟರಿ ಉಬ್ಬಿದ ನೋಕಿಯಾ ಇದ್ದರೆ, ಅದರೊಳಗಿನ ಕಾರ್ಡೇ ಈಗ ದಾಖಲೆ. ಪೈರಸಿಯನ್ನು ಹೊಗಳ್ತಿಲ್ಲ, ಕಾನೂನು ಯಾರಿಗೆ ಕೆಲಸ ಬಿಟ್ಟುಕೊಟ್ಟಿದೆ ಅಂತ ಹೇಳ್ತಿದ್ದೀನಿ.

ಈಗ ಆ ದಾರಿಯೂ ಇಲ್ಲ, ಆಟ ಸರ್ವರ್‌ನಲ್ಲಿ ಇರುತ್ತೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಪಬ್‌ಜಿ ಮೊಬೈಲ್ ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಸರ್ವರ್ ಬಂದ್ ಆಯ್ತು. ಫೋನಿನಲ್ಲಿ ಉಳಿದಿದ್ದು ಬರೀ ಐಕಾನ್. ಯುಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ‘ದ ಕ್ರೂ’ ನಿಲ್ಲಿಸಿದಾಗ ಯುರೋಪಿನ ಆಟಗಾರರು ಸುಮ್ಮನಿರಲಿಲ್ಲ. ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಂತ ಚಳವಳಿ ಕಟ್ಟಿ, ಯುರೋಪಿಯನ್ ಒಕ್ಕೂಟದ ಮುಂದೆ ಇಟ್ಟ ಮನವಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಸೇರಿಸಿದರು.

“ಕೊಪ್ಪಳ ಜಿಲ್ಲೆಗೆ ಮೊದಲು ನೀರು ಕೊಡ್ರಿ, ಆಮೇಲೆ ಗೇಮ್” ಅಂತ ಯಾರಾದ್ರೂ ಅನ್ನಬಹುದು. ಸರಿ, ಆದ್ರೆ ಗೇಮ್ ಉದ್ಯಮಕ್ಕೆ ಆಗಲೇ ನಮ್ಮ ತೆರಿಗೆ ದುಡ್ಡು ಹೋಗ್ತಿದೆ. ಆನಿಮೇಷನ್ ಮತ್ತು ಗೇಮಿಂಗ್‌ಗೆ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. ಈಗ 2024–29ರ ನೀತಿ ಚಾಲ್ತಿಯಲ್ಲಿದೆ, ಪ್ರೋತ್ಸಾಹಧನ ಇದೆ. ಆ ಹಣ ಪಡೆಯುವ ಸ್ಟುಡಿಯೋ ತನ್ನ ಸ್ವಂತ ಆಟದ ಕೋಡ್, ಚಿತ್ರ, ಕೆಲಸ ಮಾಡಿದವರ ಹೆಸರಿನ ಪಟ್ಟಿ, ಎಲ್ಲದರ ಒಂದು ಪ್ರತಿಯನ್ನು ರಾಜ್ಯದ ಒಂದು ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಕೊಡಬೇಕು ಅಂತ ಷರತ್ತು ಹಾಕಿದರೆ ಯಾರ ಗಂಟೂ ಹೋಗಲ್ಲ. ಆಟ ರದ್ದಾದರೂ ಕೊಡಬೇಕು. ಬೇಕಿದ್ದರೆ ಹತ್ತು ವರ್ಷ ಬೀಗ ಹಾಕಿಡಲಿ. ಹೊರಗುತ್ತಿಗೆ ಕೆಲಸಕ್ಕೆ ಕನಿಷ್ಠ ಹೆಸರಿನ ಪಟ್ಟಿಯಾದರೂ ಬರಲಿ. ಸೆಕ್ಷನ್ 52ರ ಆ ಷರತ್ತು ತೆಗೆಯೋದು ಸಂಸತ್ತಿನ ಕೆಲಸ. ಇದು ವಿಧಾನಸೌಧದಲ್ಲೇ ಆಗುವಂಥದ್ದು.

ತಡ ಮಾಡೋ ಹಾಗಿಲ್ಲ. 1998ರಲ್ಲಿ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಪ್ರೋಗ್ರಾಮರ್‌ಗಳಿಗೆ ಈಗ ಐವತ್ತು ದಾಟಿದೆ. ಆಗ ಮನೆಯಲ್ಲಿ ರೈಟ್ ಮಾಡಿಟ್ಟ ಸಿಡಿಗಳು ಓದೋಕೆ ಬರದಂಗೆ ಆಗ್ತಿವೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಡ್ರೈವೇ ಇಲ್ಲ.