ಗ್ವಾಡಿ ಮ್ಯಾಲಿನ ಲೈಸೆನ್ಸು, ಹಿತ್ತಲದಾಗಿನ ಟಬ್ಬು

ಮನ್ಯಾಗ ಡಬರಿ ತಳಾ ನೆಟ್ಟಗ ತಿಕ್ಕಲಿಲ್ಲಂದ್ರ ಬಾಂಡೆ ತಿಕ್ಕಾಕಿಗೆ ಹತ್ತು ಮಾತು ಅನ್ನೋ ನಾವು, ಹೋಟೆಲ್ಲಿನಾಗ ಕೂತ್ರ ಮಾತ್ರ ಕಣ್ಣು ಮುಚ್ಚಿಕೊಂಡು ತಿಂದು ಬರ್ತೀವಿ. ಕೇಳಿದ್ರ ಎರಡು ಉತ್ತರ ತಯಾರಿರ್ತಾವ. "ಲೈಸೆನ್ಸ್ ಅದ ಅಲಾ ಅವರಿಗೆ" ಅಂತ ಒಂದು, "ಬೆಂಕಿ ಮ್ಯಾಲೆ ಬೆಂದದ್ದಕ್ಕ ಏನಾಗ್ತದ ಬಿಡ್ರಿ ವೈನಿ" ಅಂತ ಇನ್ನೊಂದು. ಎರಡೂ ಪೊಳ್ಳು ಮಾತು.

ಹಸಿ ಚಟ್ನಿ ಯಾವ ಬೆಂಕಿ ಕಂಡದರಿ? ಹೆಚ್ಚಿದ ಉಳ್ಳಾಗಡ್ಡಿ, ಸೌತಿಕಾಯಿ, ಮಜ್ಜಿಗಿ ಇವು ಕಂಡಿದ್ದು ಬರೇ ಮಾಡಿದವನ ಕೈ. ಇನ್ನ ಅನ್ನಾ ತಗೋರಿ. ಅಕ್ಕಿಯೊಳಗ ಬ್ಯಾಸಿಲಸ್ ಸೀರಿಯಸ್ ಅನ್ನೋ ಸೂಕ್ಷ್ಮಾಣು ಇರಬಹುದು, ಅದರ ಬೀಜಕಣ ಅನ್ನಾ ಕುದಿಸಿದ್ರೂ ಸಾಯೂದಿಲ್ಲ. ರಾತ್ರಿ ಗುಡ್ಡೆ ಹಾಕಿ ಹೊರಗ ಬಿಟ್ಟ ಅನ್ನದಾಗ ಅದು ಬೆಳೆದು ವಿಷಾ ಮಾಡ್ತದ. ಆಮ್ಯಾಲೆ ನೀವು ಧಗಧಗಾ ಉರಿ ಮ್ಯಾಲೆ ಫ್ರೈಡ್ ರೈಸ್ ಮಾಡಿದ್ರೂ ಆ ವಿಷಾ ಹೋಗೂದಿಲ್ಲ.

ಈಗ ಲೈಸೆನ್ಸಿಗೆ ಬರೋಣ. 2006ರ ಕಾಯ್ದೆ ಅದು, 2011ರ ಆಗಸ್ಟ್ 5ರಿಂದ ನಡದದ. ಆ 14 ಅಂಕಿ ನಂಬರು ಬಿಲ್ಲಿನ ಮ್ಯಾಲೂ ಇರಬೇಕಂತ 2022ರಿಂದ ನಿಯಮ. ಛಲೋನ ಆತು. ಆದ್ರ ಆ ನಂಬರು ಹೋಟೆಲ್ ಯಾರದು, ಎಲ್ಲದ ಅಂತ ಹೇಳ್ತದ, ಇವತ್ತಿನ ಒರಸೋ ಅರಿವಿ ನಾರ್ತದೋ ಇಲ್ಲೋ ಅಂತ ಹೇಳೂದಿಲ್ಲ. ಸಾಹೇಬ್ರು ಬರ್ತಾರ, ಒಂದು ತಾಸು ನೋಡ್ತಾರ, ಹೋಗ್ತಾರ. ಹೊಲಸು ಕಂಡು ಸುಧಾರಿಸ್ಕೋ ಅಂತ ನೋಟಿಸ್ ಕೊಟ್ರ ಕಾಯ್ದೆ ಪ್ರಕಾರ 14 ದಿನಾ ಆದ್ರೂ ವ್ಯಾಳ್ಯಾ ಕೊಡಬೇಕು. ಸ್ಯಾಂಪಲ್ ಒಯ್ದ್ರ ವರದಿಗೂ 14 ದಿನಾ. ಅಷ್ಟರಾಗ ಆ ಪಲ್ಯಾ ತಿಂದವರು ಆಸ್ಪತ್ರಿಗೆ ಹೋಗಿ ಮನಿಗೆ ಬಂದಿರ್ತಾರ! ಹೊಲಸು ಜಾಗಾದಾಗ ಅಡಿಗಿ ಮಾಡಿದ್ದಕ್ಕ ದಂಡಾ ಹೆಚ್ಚಂದ್ರ ಒಂದು ಲಕ್ಷ. ದೊಡ್ಡ ಹೋಟೆಲ್ಲಿನವನಿಗೆ ಅದು ಒಂದು ಮದವಿ ಊಟದ ಗಲ್ಲಾ. 2017ರಾಗ ಸಿಎಜಿಯವರ ವರದಿ ಬಂತಲಾ, ರಾಜ್ಯಗಳ 72 ಆಹಾರ ಪ್ರಯೋಗಾಲಯದಾಗ 65ಕ್ಕ ಸರಿಯಾದ ಮಾನ್ಯತಾನೇ ಇದ್ದಿಲ್ಲ.

ಗೋಬಿ ಮಂಚೂರಿ ನೆನಪದ ಅಲಾ? 2024ರ ಮಾರ್ಚಿನಾಗ ನಮ್ಮ ಸರಕಾರ ಅದಕ್ಕ ಬಣ್ಣಾ ಹಾಕೂದು ಬಂದ್ ಮಾಡ್ತು. ಬೊಂಬಾಯಿ ಮಿಠಾಯಿಗೆ ಹಾಕೋ ರೋಡಮೈನ್-ಬಿ ಅಂತೂ ಅರಿವಿಗೆ ಹಾಕೋ ಬಣ್ಣಾ. ಅಲ್ಲೀತನಕ ನಮ್ಮ ಹುಡುಗ್ರು ಎಷ್ಟು ತಟ್ಟಿ ತಿಂದಿದ್ರೋ. ಆ ಬಣ್ಣಾ ಹಾಕೋ ಅಂಗಡಿಯೊಳಗೂ ಗ್ವಾಡಿ ಮ್ಯಾಲೆ ನಂಬರ್ ಇತ್ತು.

ಆದ್ರ ನನಗ ಖರೇ ಸಿಟ್ಟು ಬರೂದು ಬ್ಯಾರೇದಕ್ಕ. ಹೋದ ವರ್ಷ ನಮ್ಮ ಬಳಗದಾಗ ಒಂದು ಹೆಸರಿಡೋ ಕಾರ್ಯಕ್ರಮ, ಹೆಸರಾದ ಹೋಟೆಲ್ಲಿನ ಹಾಲಿನಾಗ ಊಟ. ರಾತ್ರಿ ಹನ್ನೊಂದು ಮಂದಿಗೆ ವಾಂತಿ, ಜುಲಾಬು. ಐದು ತಿಂಗಳ ಬಸುರಿ ಹುಡುಗಿ ಎರಡು ದಿನಾ ಸಲಾಯಿನ್ ಮ್ಯಾಲಿದ್ಲು. ಕೇಳಾಕ ಹೋದ್ರ ಮಾಲಕರು ಕಟ್ಟು ಹಾಕಿಸಿದ ಲೈಸೆನ್ಸ್ ತೋರ್ಸಿದ್ರು. ನಾ ಸೀದಾ ಹಿತ್ತಲಕ್ಕ ಹೋದೆ. ಎರಡು ಟಬ್ಬು, ಬೂದಿ ಬಣ್ಣದ ನೀರು, ತಾಟು ಅದರಾಗ ಅದ್ದಿ ಅದ್ದಿ ತಗಿಯೋ ಒಬ್ಬ ಹುಡುಗ. ಬಟ್ಟಿಗೆ ಪಟ್ಟಿ. ಕೈ ಎಲ್ಲಿ ತೊಳಕೋತೀಪಾ ಅಂದೆ. ಅದೇ ಟಬ್ಬು ತೋರಿಸ್ದ. ಗಿರಾಕಿಗಳ ಪಾಯಖಾನಿಗೆ ಇವರಿಗೆ ಬಿಡೂದಿಲ್ಲಂತ, ಹಿಂದಿನ ಗ್ವಾಡಿ ಮಗ್ಗಲಕ್ಕ ಹೋಗ್ತಾರಂತ. ಹೊಟ್ಟಿ ಕೆಟ್ರ ಸುಟ್ಟಿ? "ಸುಟ್ಟಿ ತಗೊಂಡ್ರ ಪಗಾರ ಕಟ್, ಕಾಕು."

ಮುಂದ ಎಸಿ, ಹೂವಿನ ಕುಂಡಾ, ಹಿಂದ ಕೂಸಿಗೆ ಸಾಬೂನಿಲ್ಲ! ನಿಯಮದಾಗ ಸಾಬೂನೂ ಅದ, ವರ್ಷಕ್ಕೊಮ್ಮೆ ಡಾಕ್ಟರ್ ತಪಾಸಣಾನೂ ಅದ, ಬ್ಯಾನಿ ಬಿದ್ದವರು ಅಡಿಗಿ ಮುಟ್ಟಬಾರದು ಅಂತಾನೂ ಅದ. ಡಾಕ್ಟರ್ ಸಹಿ ಒಂದು ದಿನದ್ದು, ಜುಲಾಬು ಯಾವತ್ತ ಬೇಕಾದ್ರೂ ಬರ್ತದ. ಟೈಫಾಯ್ಡ್ ಅಂತೂ ಗಟ್ಟಿಮುಟ್ಟಾಗಿ ಕಾಣೋ ಮನಶ್ಯಾನ ಕೈಯಿಂದನೂ ಹರಡ್ತದ. ಕೂಲಿ ಕಟ್ ಮಾಡಿದ್ರ ಯಾವ ಹುಡುಗ ತನಗ ಆರಾಮಿಲ್ಲಂತ ಬಾಯಿ ಬಿಟ್ಟಾನು? "ಈ ಹುಡುಗ್ರೇ ಹೊಲಸು" ಅನ್ನೋ ಅಕ್ಕಗೋಳು ಸ್ವಲ್ಪ ಇದನ್ನ ವಿಚಾರ ಮಾಡ್ರಿ.

ಸಾಹೇಬ್ರನ್ನಷ್ಟ ಬೈಯೂದೂ ಸರಿ ಅಲ್ಲ. ಬೇಕರಿ, ಎಣ್ಣಿ, ಹಾಲು, ಖಾನಾವಳಿ, ಪಾನಿಪುರಿ ಗಾಡಿ, ಎಲ್ಲಾ ಅವರ ಕೊಳ್ಳಾಗ. ನಮ್ಮ ಓಣಿಯ ರೊಟ್ಟಿ ಖಾನಾವಳ್ಯಾಕಿ ಕಡೆ ನಾ ಧೈರ್ಯದಿಂದ ಉಣ್ತೀನಿ, ಯಾಕಂದ್ರ ಹಿಟ್ಟು ನಾದೂದರಿಂದ ತಾಟು ತೊಳಿಯೂತನಕ ಎಲ್ಲಾ ಕಣ್ಣ ಮುಂದ. ಆಕಿಗೆ ಮೂಗು ಮುರಿದು ಎಸಿ ಹಾಲಿಗೆ ಅಡ್ವಾನ್ಸ್ ಕೊಡ್ತೀವಿ ನಾವು.

ರೊಕ್ಕಾ ಕೊಡೋದು ನಾವಲಾ, ಕೊಡೋಕಿಂತ ಮೊದಲ ಅಡಿಗಿ ಮನಿ ತೋರಿಸ್ರಿ ಅನ್ರಿ. ಕೆಲಸದವರ ಪಾಯಖಾನಿ ಎಲ್ಲದ, ಸಾಬೂನು ಎಲ್ಲದ ಕೇಳ್ರಿ. ಸಂಶಯ ಬಂದ್ರ ಅಂಗಡಿಯವನಿಗೆ ಆಗಲೇ ಹೇಳಿ, ನಾವ ಫೀ ತುಂಬಿ ತಿನಿಸು ಪರೀಕ್ಷಾ ಮಾಡಿಸ್ಬಹುದು, 40ನೇ ಕಲಮಿನಾಗ ಹಂಗ ಅದ. ತಪ್ಪು ಕಂಡ್ರ ಫೀ ವಾಪಸ್ ಬರ್ತದ.

ಮುಂದಿನ ತಿಂಗಳು ನಮ್ಮ ಮನ್ಯಾಗ ಮುಂಜಿವಿ. ಇಬ್ಬರು ಹಾಲಿನವರು ಅಡಿಗಿ ಮನಿ ತೋರ್ಸಾಕ ಒಲ್ಲೆ ಅಂದ್ರು, ಅವರನ್ನ ಅಲ್ಲೇ ಬಿಟ್ಟೆ. ಮೂರನೆಯವ್ರು, ಮುಸುರಿ ತಿಕ್ಕೋ ಹೊತ್ತಿಗೇ ಬರ್ರಿ ಅಂದಾರ, ರವಿವಾರ ರಾತ್ರಿ ಹತ್ತಕ್ಕ. ನನ್ನ ಜೋಡಿ ಯಾರು ಬರ್ತೀರಿ ಹೇಳ್ರಿ.