ಹತ್ತು ದಿನದ ಮೇಲೆ ಕೇಳುವವರು ಯಾರು?

1993ರ ಸೆಪ್ಟೆಂಬರ್ 30. ಗಣಪತಿ ಕಳಿಸಿ ಊರು ಮಲಗಿತ್ತು. ನಸುಕಿನ ನಾಲ್ಕರ ಹೊತ್ತಿಗೆ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಲ್ಲು-ಮಣ್ಣಿನ ಗೋಡೆ ಕುಸಿದು ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ನಮ್ಮವರಿಗೂ ಆ ನಡುಕ ತಟ್ಟಿತು. ಆಮೇಲೆ ಕಬ್ಬಿನ ಲಾರಿ ಗುಡುಗುಟ್ಟಿದರೂ ಎದ್ದು ಹೊರಗೆ ಓಡಿದವರಿದ್ದಾರೆ. "ಲಾರಿಗೆ ಯಾಕ ಹೆದರ್ತೀಯೋ ತಮ್ಮಾ?" ಅಂತ ನಕ್ಕವರೂ ಇದ್ದಾರೆ.

ಇದು ನಗುವ ಮಾತಲ್ಲ. ಮೆದುಳಿನೊಳಗೆ ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಭಯದ ನೆನಪಿಗೆ ಅದೇ ಮುಖ್ಯ ಠಾಣೆ. ದಿನ ಕಳೆದಂತೆ ನಡೆದದ್ದರ ವಿವರ ಮಸುಕಾಗುತ್ತದೆ; ಹೆದರಿಕೆ ಮಾತ್ರ ಅದನ್ನು ಹೋಲುವ ಬೇರೆ ಸಂಗತಿಗಳಿಗೂ ಹಬ್ಬಬಹುದು. ಹಾವು ಕಂಡವನಿಗೆ ಹಗ್ಗವೂ ಹಾವೇ.

ಬೆಂಗಳೂರಿನ ಎನ್‌ಸಿಬಿಎಸ್ ಜೀವವಿಜ್ಞಾನ ಕೇಂದ್ರದವರು ಇಲಿಗಳನ್ನು ಒಂದೇ ಸಲ ಎರಡು ತಾಸು ಅಲುಗಾಡದಂತೆ ಹಿಡಿದಿಟ್ಟು ನೋಡಿದರು. 2005ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಮರುದಿನ ಇಲಿಗಳ ಅಂಜಿಕೆ ಹೆಚ್ಚಿರಲಿಲ್ಲ. ಹತ್ತು ದಿನದ ಮೇಲೆ ಹೆಚ್ಚಿತ್ತು. ಅಮಿಗ್ಡಲಾದ ನರಕೋಶಗಳಲ್ಲಿ ಹೊಸ ಮುಳ್ಳುಗಳೂ ಮೂಡಿದ್ದವು.

ಇಲಿ ಮನುಷ್ಯನಲ್ಲ, ಒಪ್ಪೋಣ. ಆದರೂ ಮೊದಲ ದಿನ ಗಟ್ಟಿಯಾಗಿ ಕಂಡವ ಪಾರಾದ ಅಂತ ಕೈತೊಳೆದುಕೊಳ್ಳಬಾರದು. ನೆರೆಯಾಗಲಿ, ಬೆಂಕಿಯಾಗಲಿ, ಪಂಚನಾಮೆ ಮುಗಿಸಿ ಅಕ್ಕಿ-ಹೊದಿಕೆ ಹಂಚಿ ಹೋದ ಜೀಪು ಎರಡು ವಾರದ ಮೇಲೆ ಮತ್ತೊಮ್ಮೆ ಊರಿಗೆ ಬರಬೇಕು.

ಭಯ ಪಾಟಿಯ ಮೇಲಿನ ಅಕ್ಷರದ ಹಾಗೆ ಒರೆಸಿ ಹೋಗುವುದಿಲ್ಲ. ಸುರಕ್ಷಿತ ಜಾಗದಲ್ಲಿ ಸ್ವಲ್ಪ ಸ್ವಲ್ಪವಾಗಿ ಅದನ್ನು ಎದುರಿಸಿದರೆ "ಈಗ ಅಪಾಯವಿಲ್ಲ" ಎಂಬ ಹೊಸ ಪಾಠ ಹಳೆಯದರ ಮೇಲೆ ಕೂರುತ್ತದೆ. ಹಳೆಯದು ಕೆಳಗೇ ಇದ್ದು ಎಂದಾದರೂ ತಲೆ ಎತ್ತಬಹುದು. ಅದು ಹೇಡಿತನವಲ್ಲ.

ಇನ್ನು ಭಾಷೆಯ ಮಾತು. ಪೇಟೆಯಲ್ಲಿ ನಾವು ಮರಾಠಿಯಲ್ಲೋ ತೆಲುಗಿನಲ್ಲೋ ಲೆಕ್ಕ ಹೇಳುತ್ತೇವೆ; ಹೆದರಿದಾಗ ಕೂಗುವುದು "ಯವ್ವಾ" ಅಂತಲೇ. ಆದ್ದರಿಂದ ಸರ್ಕಾರ ಯಾವ ರಾಜ್ಯದ್ದಾದರೂ ಸರಿ, ಗಡಿ ಊರಿನ ದವಾಖಾನೆಯಲ್ಲಿ, ಪರಿಹಾರ ಶಿಬಿರದಲ್ಲಿ ಕನ್ನಡದಲ್ಲಿ ವಿಚಾರಿಸುವವರೊಬ್ಬರು ಇರಲೇಬೇಕು. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ಭಾಷೆಗಳಲ್ಲಿ ಕನ್ನಡವೂ ಇದೆ. ನಂಬರು 14416, ಅಂಗಡಿ ಗೋಡೆಗೆ ಬರೆದಿಡಿ.

ಸರ್ಕಾರ ಬರುವವರೆಗೆ ನಾವೂ ಸುಮ್ಮನೆ ಕೂರುವುದು ಬೇಡ. ಮಗು ರಾತ್ರಿ ಎದ್ದು ಕೂತರೆ "ಏನೂ ಇಲ್ಲ, ಮಲಗು" ಅನ್ನುವ ಮೊದಲು "ಏನಾತು ಕೂಸೇ?" ಅಂತ ಒಮ್ಮೆ ಕೇಳಿರಿ. ಹತ್ತು ದಿನದ ಮೇಲೂ ಕೇಳಿರಿ.