ಕ್ಯಾಲ್ಕ್ಯುಲೇಟರಿನ ಸಹಿಯೂ ಹೆಣ್ಣುಮಕ್ಕಳ ಗಣಿತವೂ

ಲೆಕ್ಕಮಾಡಲು ಯಂತ್ರವಿರುವಾಗ ಅವಿಭಾಜ್ಯ ಸಂಖ್ಯೆ, ಅಪವರ್ತನ ಇವುಗಳನ್ನು ಹೆಣ್ಣುಮಕ್ಕಳಿಗೆ ಕಲಿಸುವುದೇತಕ್ಕೆಂದು ಪೋಷಕರು ಕೇಳುವುದುಂಟು. ಆ ಯಂತ್ರದ ವೃತ್ತಾಂತದಿಂದಲೇ ಉತ್ತರಕೊಡಲು ಬಯಸುತ್ತೇವೆ.

ಅಮೆರಿಕಾ ದೇಶದ ಶಾಲೆಗಳಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯ ಟಿಐ-83 ಪ್ಲಸ್ ಎಂಬ ಕ್ಯಾಲ್ಕ್ಯುಲೇಟರು ಬಹುವಾಗಿ ಬಳಕೆಗೆ ಬಂದಿತು. ಅದರೊಳಕ್ಕೆ ಹೊಸ ಆ್ಯಪ್‌ಗಳನ್ನು ಸೇರಿಸಬಹುದು; ಆದರೆ ಅವುಗಳಿಗೆ ಡಿಜಿಟಲ್ ಸಹಿಯು ಬೇಕು. ಈ ಸಹಿಯು ಶಾಯಿಯದಲ್ಲ, ಸಂಖ್ಯೆಯದು. ಮೊದಲು ಇಡೀ ಆ್ಯಪಿನಿಂದ ಒಂದು ಚಿಕ್ಕ ಸಾರಸಂಖ್ಯೆಯನ್ನು ತೆಗೆಯುವರು. ಆ್ಯಪಿನಲ್ಲಿ ಒಂದಕ್ಷರವನ್ನು ತಿದ್ದಿದರೂ ಅದು ಬೇರೆಯಾಗುವುದು. ಬಳಿಕ ಗುಪ್ತವಾದೊಂದು ಕೀಲಿಯಿಂದ ಅದಕ್ಕೆ ಸಹಿಮಾಡುವರು. ಯಂತ್ರದಲ್ಲಿರುವುದು ಬಹಿರಂಗ ಕೀಲಿಯು ಮಾತ್ರ. ಅದರಿಂದ ಸಹಿಯನ್ನು ಪರೀಕ್ಷಿಸಬಹುದಲ್ಲದೆ ಹೊಸದಾಗಿ ಸಹಿಮಾಡಲಾಗದು.

ಇದರ ಬಲವೆಲ್ಲವೂ ಅಪವರ್ತನದಲ್ಲಿರುವುದು. 89ನ್ನು 97ರಿಂದ ಗುಣಿಸುವುದು ಸುಲಭ; 8633ನ್ನು ಕೊಟ್ಟು ಅದರ ಅಪವರ್ತನಗಳನ್ನು ಹುಡುಕೆಂದರೆ ಪ್ರಯಾಸ. ಬಹಿರಂಗ ಕೀಲಿಯು ಎರಡು ಮಹಾ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿದ್ದು, ಅವೆರಡನ್ನು ಬಲ್ಲವರೇ ಸಹಿಮಾಡಬಲ್ಲರು. ಟಿಐ-83 ಪ್ಲಸಿನ ಗುಣಲಬ್ಧವು 512 ಬಿಟ್, ಅಂದರೆ ಸುಮಾರು 155 ಅಂಕಿಗಳದು. ಅಷ್ಟು ದೊಡ್ಡ ಸಂಖ್ಯೆಯೊಂದನ್ನು 1999ರಲ್ಲಿಯೇ ವಿದ್ವಾಂಸರು ಅನೇಕ ಕಂಪ್ಯೂಟರುಗಳಿಂದ ಬಿಡಿಸಿದ್ದರು. 2009ರಲ್ಲಿ ಹವ್ಯಾಸಿಯೊಬ್ಬನು ಸಾಧಾರಣ ಕಂಪ್ಯೂಟರೊಂದರಿಂದ 73 ದಿನಗಳಲ್ಲಿ ಈ ಯಂತ್ರದ ಮೂಲ ತಂತ್ರಾಂಶದ ಕೀಲಿಯನ್ನು ಬಿಡಿಸಿದನು. ಅದನ್ನು ಪ್ರಕಟಿಸಿದವರಿಗೆ ಕಂಪೆನಿಯು ಕಾನೂನಿನ ಪತ್ರಗಳನ್ನು ಕಳುಹಿಸಿತು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆಯು ಅವರ ಪಕ್ಷವನ್ನು ವಹಿಸಿತು. ಬಯಲಾದ ಅಪವರ್ತನಗಳನ್ನು ಪತ್ರಗಳಿಂದ ಮರೆಮಾಡಲಾಗದೆಂದೂ, ಕೀಲಿಯನ್ನು ಕಾಲಕ್ಕೆ ತಕ್ಕಂತೆ ಉದ್ದಮಾಡುವುದೇ ಉಚಿತವೆಂದೂ ನಮ್ಮ ಅಭಿಪ್ರಾಯ.

ಇಂದು ನಮ್ಮೆಲ್ಲರ ಫೋನುಗಳಲ್ಲಿರುವ ಆ್ಯಪ್‌ಗಳಿಗೂ ಇಂತಹ ಸಹಿಯುಂಟು. ಇದು ಇಂಥ ಕೀಲಿಯುಳ್ಳವರಿಂದ ಬಂದಿತು, ನಡುವೆ ಯಾರೂ ತಿದ್ದಲಿಲ್ಲ ಎಂಬಿಷ್ಟನ್ನೇ ಆ ಸಹಿಯು ತಿಳಿಸುವುದು. ಕಳುಹಿಸಿದವರು ಸಜ್ಜನರೆಂದು ಅದು ಹೇಳದು. ಮೋಸಗಾರನೂ ತನ್ನ ಆ್ಯಪಿಗೆ ತಾನೇ ಸಹಿಮಾಡಬಲ್ಲನು. ಅಪರಿಚಿತರು ಕಳುಹಿಸಿದ ಆ್ಯಪನ್ನು ನಂಬಿ ಬ್ಯಾಂಕಿನ ಹಣವನ್ನು ಕಳೆದುಕೊಂಡ ಕುಟುಂಬಗಳುಂಟು. ಈ ಭೇದವನ್ನರಿತ ಹೆಣ್ಣುಮಗಳು ಮನೆಯಲ್ಲಿದ್ದರೆ ಮನೆಯವರೆಲ್ಲರಿಗೂ ರಕ್ಷಣೆ.

ಆದುದರಿಂದ ಪೋಷಕರೇ, ಹತ್ತನೆಯ ತರಗತಿಯು ಮುಗಿದೊಡನೆ ಹೆಣ್ಣಿಗೆ ಗಣಿತವೇಕೆಂದು ಬಿಡಿಸದಿರಿ. ಪೂರ್ವ ವಿದ್ಯಾರ್ಥಿನಿಯರೇ, ನೀವು ನಮ್ಮಲ್ಲಿ ಕಲಿತ ಅಪವರ್ತನವನ್ನು ನಿಮ್ಮ ಪುತ್ರಿಯರಿಗೆ ಈ ಯಂತ್ರದ ದೃಷ್ಟಾಂತದೊಡನೆ ಹೇಳಿಕೊಡಿರಿ. ಅವರು ಇಂತಹ ಬೀಗಗಳನ್ನು ಬಳಸುವುದಷ್ಟೇ ಅಲ್ಲ, ರಚಿಸುವವರೂ ಪರೀಕ್ಷಿಸುವವರೂ ಆಗಲೆಂದು ಹಾರೈಸುತ್ತೇವೆ.